ಮೊದಲ ಸಾಲಿನ ಸದ್ದು

ಫೆಬ್ರವರಿ 9

ಮರಿ,

ಮೊನ್ನೆ ಫೋನಿನಲ್ಲಿ ನಾನು ಸಿಟ್ಟಿನಲ್ಲಿದ್ದಂತೆ ನಿನಗೆ ಅನ್ನಿಸಿತಂತೆ, ನಿಮ್ಮಮ್ಮ ಹೇಳಿದಳು. ಸಿಟ್ಟಲ್ಲ, ಗಾಳಿ ಸಾಲಲಿಲ್ಲ. ಒಮ್ಮೊಮ್ಮೆ ಒಂದು ವಾಕ್ಯ ಮುಗಿಸುವಷ್ಟು ಉಸಿರು ಇರುವುದಿಲ್ಲ. ಕ್ರಿಯಾಪದ ಬರುವ ಮೊದಲೇ ನಿಲ್ಲಬೇಕಾಗುತ್ತದೆ. ಕೇಳುವವರಿಗೆ ಗದರಿದ ಹಾಗಿರುತ್ತದೆ. ಅದಕ್ಕೇ ಇನ್ನು ಮೇಲೆ ಪತ್ರ ಬರೆಯುತ್ತೇನೆ. ಕಾಗದದ ಮೇಲೆ ಎಷ್ಟು ಉದ್ದದ ವಾಕ್ಯ ಎಳೆದರೂ ಏದುಸಿರು ಬರುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದು ಒಂದು ವಾರವಾಯಿತು. ಇದು ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ, ಉಳಿದಿದ್ದನ್ನು ಜೋಪಾನ ಮಾಡಿಕೊಂಡು ಬಹಳ ಕಾಲ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಒಂದು ಆಮ್ಲಜನಕದ ಮಶೀನನ್ನೂ ಗಂಟುಹಾಕಿ ಕಳಿಸಿದ್ದಾರೆ. ಚಕ್ರವಿರುವ ಸಣ್ಣ ಸೂಟ್‌ಕೇಸಿನಂತಿದೆ. ಅದರಿಂದ ಹೊರಟ ತೆಳ್ಳಗಿನ ನಳಿಕೆ ನನ್ನ ಮೂಗಿನವರೆಗೆ ಬರುತ್ತದೆ. ಹಗಲೂ ರಾತ್ರಿ ಗುಂಯ್ ಎನ್ನುತ್ತಿರುತ್ತದೆ. ನಾನು ಉಸಿರೆಳೆದಾಗಲೆಲ್ಲ ಟಕ್, ಅದರ ಹಿಂದೆಯೇ ಫುಸ್.

ಇಂಥದ್ದು ನನಗೇ ಬರಬೇಕೇ? ರೇಡಿಯೋ ನಿಲಯದಲ್ಲಿ ಬೇಡದ ಸದ್ದು ತೆಗೆಯುವುದೇ ನನ್ನ ಕೆಲಸವಾಗಿತ್ತು. ಫ್ಯಾನಿನ ಸದ್ದು, ಕುರ್ಚಿ ಕಿರುಗುಟ್ಟುವುದು, ಭಾಷಣಕಾರರ ಕೆಮ್ಮು. ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ, ಸಂಜೆಯ ಹೊತ್ತಿಗೆ ನನ್ನ ಮೇಜಿನ ಕೆಳಗೆ ಊರಿನ ದೊಡ್ಡ ಮನುಷ್ಯರ ಕೆಮ್ಮೆಲ್ಲ ರಾಶಿ ಬಿದ್ದಿರುತ್ತಿತ್ತು. “ಅವೆಲ್ಲ ಸೇರ್ಕೊಂಡು ಈಗ ನಿಮ್ಮ ಎದೆಗೇ ಬಂದಿವೆ ನೋಡಿ” ಎನ್ನುತ್ತಾಳೆ ನಿಮ್ಮಮ್ಮ.

ಜೂನ್ ತಿಂಗಳ ನಿನ್ನ ನಾಟಕಕ್ಕೆ ನಾನು ಬರುವುದಿಲ್ಲ. ನೀನೇ ಸಂಗೀತ ಮಾಡುತ್ತಿರುವ ಮೊದಲ ನಾಟಕ ಎಂದು ಗೊತ್ತು. ಪ್ರಯಾಣಕ್ಕೆ ಡಾಕ್ಟರಮ್ಮನ ಅಡ್ಡಿಯಿಲ್ಲ. ಆದರೆ ನೂರು ಜನ ಕೂರುವ ರಂಗಮಂದಿರ, ಮೈಕಿಲ್ಲದ ಪಿಟೀಲು, ಮಧ್ಯೆ ಗುಂಯ್, ಟಕ್, ಫುಸ್! ಬೇರೆ ಯಾರಾದರೂ ಹೀಗೆ ಬಂದು ಕೂತಿದ್ದರೆ ನಾನೇ ಎಬ್ಬಿಸಿ ಹೊರಗೆ ಕಳಿಸುತ್ತಿದ್ದೆ.

ನಿನ್ನ ಅಪ್ಪ

ಇದು ಅಮ್ಮ: ಯಾರಾದರೂ ಬೆಲ್ ಒತ್ತಿದರೆ ಸಾಕು, ಇವರು ಮಶೀನಿನ ಮೇಲೆ ದಿಂಬು ಒತ್ತಿ ಕೂರುತ್ತಾರೆ. ಗಾಳಿ ಹೋಗದೆ ಅದು ಬಾಯಿ ಬಡಿದುಕೊಳ್ಳುತ್ತದೆ. ಬಂದವರು ಬೆಚ್ಚಿ ಬೀಳುತ್ತಾರೆ. ಇದೇ ನಮ್ಮ ಮನೆಯ ನಿಶ್ಶಬ್ದ.

*

ಫೆಬ್ರವರಿ 21

ಅಪ್ಪಾ,

ದಿಂಬಿನ ವಿಷಯ ಓದಿ ಬಸ್ಸಿನಲ್ಲಿ ಗಟ್ಟಿಯಾಗಿ ನಕ್ಕೆ. ಪಕ್ಕದ ಹೆಂಗಸು ಬೇರೆ ಸೀಟಿಗೆ ಹೋದಳು.

ನೀನು ಬರುವುದಿಲ್ಲ ಎಂಬುದನ್ನು ನಾನು ಓದಲೇ ಇಲ್ಲ, ಆ ಪುಟದ ಮೇಲೆ ಕಾಫಿ ಚೆಲ್ಲಿತು ಎಂದುಕೋ. ನಾಟಕದ ಸುದ್ದಿ ಹೇಳುತ್ತೇನೆ. ಹಡಗುಕಟ್ಟೆಯ ಟಿಕೆಟ್ ಕೊಡುವ ಹೆಂಗಸೊಬ್ಬಳ ಕಥೆ. ಅವಳ ಗಂಡ ದೋಣಿ ನಡೆಸುವವನು. ಮಂಜು ಕವಿದ ದಿನ ಹೋದವನು ಮೂರನೇ ದೃಶ್ಯದಲ್ಲಿ ವಾಪಸ್ ಬರಬೇಕು. ದೋಣಿಯನ್ನು ತೋರಿಸುವುದಿಲ್ಲ, ದೂರದಲ್ಲಿ ಮೋಟಾರಿನ ಸದ್ದು ಮಾತ್ರ. ಅವಳು ಕಿವಿಗೊಟ್ಟು ಕೇಳುತ್ತಾಳೆ, “ಬಂದ” ಎನ್ನುತ್ತಾಳೆ. ಇಡೀ ನಾಟಕ ನಿಂತಿರುವುದು ಆ ಒಂದು ಮಾತಿನ ಮೇಲೆ.

ಆ ಮೋಟಾರಿನ ಸದ್ದೇ ನನ್ನ ತಲೆನೋವು. ನಿಜವಾದ ದೋಣಿಗಳನ್ನು ರೆಕಾರ್ಡ್ ಮಾಡಿ ತಂದೆ. ಸಭಾಂಗಣದಲ್ಲಿ ಹಾಕಿದರೆ ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡಿದ ಹಾಗೆ ಕೇಳುತ್ತದೆ. ಹೊಲಿಗೆ ಮಶೀನಿನ ಮೋಟಾರು ಇಟ್ಟು ಪೆಡಲ್ ಒತ್ತಿ ನೋಡಿದೆ. “ಸೊಳ್ಳೆ ಬಂತಲ್ಲ, ದೋಣಿ ಎಲ್ಲಮ್ಮಾ?” ಎಂದರು ನಿರ್ದೇಶಕರು.

ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನ ಮರಿ

*

ಮಾರ್ಚ್ 14

ಮರಿ,

ದೋಣಿಯ ಸದ್ದು ಯಾಕೆ ಸುಳ್ಳಾಗಿ ಕೇಳುತ್ತದೆ ಎಂದರೆ ಅದು ಸಮವಾಗಿದೆ. ದೂರದಿಂದ ಬರುವ ಯಾವ ಸದ್ದೂ ಸಮವಾಗಿರುವುದಿಲ್ಲ. ಗಾಳಿ ತಿನ್ನುತ್ತದೆ, ನೀರು ತಿನ್ನುತ್ತದೆ. ಎಲ್ಲೋ ಒಂದು ಕಡೆ ಮುಗ್ಗರಿಸಬೇಕು. ಮುಗ್ಗರಿಸುವ ಮೋಟಾರು ಹುಡುಕು.

ಈಗ ನನ್ನ ಸುದ್ದಿ. ಡಾಕ್ಟರಮ್ಮನ ಹತ್ತಿರ ತಪಾಸಣೆಗೆ ಹೋಗಿದ್ದೆ. ಸೊನ್ನೆಯಿಂದ ಹತ್ತರವರೆಗಿನ ಲೆಕ್ಕದಲ್ಲಿ ನನ್ನ ಉಸಿರಾಟದ ಕಷ್ಟ ಎಷ್ಟು ಎಂದು ಕೇಳಿದರು.

“ಏಳು ಅಂತ ಬರ್ಕೊಳ್ಳಿ.”

“ಯಾಕೆ ಏಳು?”

“ಹೋದ್ಸಲಾನೂ ಏಳು ಅಂದಿದ್ದೆ. ಮಾತು ಬದಲಾಯಿಸಬಾರದಲ್ಲ.”

ಅವರು ನಕ್ಕು ಪೆನ್ನು ಕೆಳಗಿಟ್ಟರು. “ನಂಬರು ಬಿಡಿ. ಹೇಗಿರುತ್ತೆ ಅಂತ ಹೇಳಿ.”

ಯೋಚಿಸಿ ಹೇಳಿದೆ: “ವಾರ್ತೆ ಓದೋವಾಗ ಕೊನೇ ಹಾಳೆ ಕಳೆದುಹೋದ ಹಾಗೆ. ಮೈಕ್ ಆನ್ ಆಗಿದೆ, ಓದ್ತಾ ಇದೀನಿ, ಹಾಳೆ ತಿರುಗಿಸಿದ್ರೆ ಮುಂದಿಂದು ಇಲ್ಲ.”

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ಹಾಗಾದ್ರೆ ನಿಮಗೆ ಕಷ್ಟ ಈಗಿನ ಉಸಿರಿನದ್ದಲ್ಲ. ಮುಂದಿಂದು ಸಿಗುತ್ತೋ ಇಲ್ವೋ ಅನ್ನೋ ಭಯ” ಎಂದರು. ಮಶೀನಿನ ಗಾಳಿ ಹೆಚ್ಚಿಸಬೇಕೆಂದು ಬರೆದಿದ್ದನ್ನು ಹೊಡೆದುಹಾಕಿ, ವ್ಯಾಯಾಮ ಹೇಳಿಕೊಡುವವರ ಹತ್ತಿರ ಕಳಿಸಿದರು. ಮೆಲ್ಲಗೆ ಉಸಿರು ಬಿಡುವುದನ್ನು ಅಲ್ಲಿ ಕಲಿಸುತ್ತಿದ್ದಾರೆ. ಕೆಲಸ ಮಾಡುತ್ತಿದೆ. ನಿನ್ನೆ ಪೇಪರಿನ ಒಂದು ಇಡೀ ಸುದ್ದಿಯನ್ನು ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಅದನ್ನು ಬೆಳಿಗ್ಗೆಯೇ ಓದಿದ್ದಳಂತೆ. ಆದರೂ ಪೂರ್ತಿ ಕೇಳಿದಳು.

ಅವರ ಸ್ಟೆತಸ್ಕೋಪನ್ನು ನನ್ನ ಕಿವಿಗೂ ಕೊಟ್ಟರು. ನನ್ನ ಎದೆಯನ್ನು ನಾನೇ ಕೇಳಿದೆ. ಧೂಳು ಹಿಡಿದ ಗ್ರಾಮಫೋನ್ ರೆಕಾರ್ಡು, ಹಾಡು ಶುರುವಾಗುವ ಮುಂಚಿನ ಚರಚರ. ಅದನ್ನು ಹೇಳಿದಾಗ, “ನಾಳೆ ಕ್ಲಾಸಿನಲ್ಲಿ ನಿಮ್ಮ ಹೋಲಿಕೇನೇ ಹೇಳ್ತೀನಿ” ಎಂದರು. ಆಮೇಲೆ ಒಂದು ಕೆಲಸ ಹಚ್ಚಿದರು.

“ನಾವು ಹೊರಗಿಂದ ನಿಮ್ಮೊಳಗನ್ನ ಕೇಳ್ತೀವಿ. ಹಾಸಿಗೆ ಮೇಲಿಂದ ನೀವು ನಮ್ಮನ್ನ ಹೇಗೆ ಕೇಳ್ತೀರಿ? ನನ್ನ ವಿದ್ಯಾರ್ಥಿಗಳಿಗೆ ಒಂದು ಟೇಪ್ ಮಾಡಿಕೊಡ್ತೀರಾ?”

ಮುಂದಿನ ವಾರ ಪರೀಕ್ಷೆಗಳಿಗೆಂದು ಎರಡು ದಿನ ವಾರ್ಡಿನಲ್ಲಿರುತ್ತೇನೆ. ಹಳೆಯ ರೆಕಾರ್ಡರಿನ ಧೂಳು ಒರೆಸಿದ್ದೇನೆ.

ನಿನ್ನ ಅಪ್ಪ

*

ಏಪ್ರಿಲ್ 24

ಮರಿ,

ಟೇಪನ್ನು ಸೋಮವಾರ ವಿದ್ಯಾರ್ಥಿಗಳಿಗೆ ಕೇಳಿಸಿದರು. ದೀಪ ಆರಿಸಿ, ಕಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ ಹಾಕಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಮಶೀನನ್ನು ಬಾಗಿಲ ಆಚೆಗಿಟ್ಟು ನಳಿಕೆಯನ್ನು ಸಂದಿಯಿಂದ ಎಳೆದುಕೊಂಡಿದ್ದೆ.

ಟೇಪಿನಲ್ಲಿ ಏನಿದೆ ಎಂದರೆ, ಊಟದ ಗಾಡಿಯ ಒಂದು ಚಕ್ರ ಬೆಳಗಿನ ಜಾವ ಮಾಡುವ ಕಿರುಚಾಟ. ಪರದೆ ಎಳೆಯುವಾಗ ಕೊಂಡಿಗಳು ಜಾರುವುದು. ನನ್ನ ಪಕ್ಕದ ಹಾಸಿಗೆಯ ನಿವೃತ್ತ ಬಸ್ ಡ್ರೈವರ್‌ನ ಮಾತು. ಮೆಟ್ಟಿಲನ್ನು ಅಷ್ಟು ನಿಧಾನ ಹತ್ತುತ್ತಾನೆಂದು ವಾರ್ಡಿನಲ್ಲಿ ಅವನಿಗೆ ಫಸ್ಟ್ ಗೇರ್ ಎಂದು ಹೆಸರು. ಅವನ ಕಾಲ ಬಳಿ ನಿಂತು ಇಬ್ಬರು ಡಾಕ್ಟರರು ತಗ್ಗಿದ ದನಿಯಲ್ಲಿ ಮಾತಾಡಿಕೊಂಡಿದ್ದೂ ಇದೆ. ಹಾಸಿಗೆಯ ತಲೆಯ ಕಡೆಯಿಂದ ಕೇಳುವುದು ಇಷ್ಟು: “...ಮುಂದಿನ ವಾರದ ತನಕ... ಕಷ್ಟ... ಮನೆಯವರಿಗೆ ಹೇಳಿಬಿಡಿ.”

ಒಬ್ಬ ಹುಡುಗಿ ಎದ್ದುನಿಂತು, “ಅವರಿಗೆ ಏನಾಯ್ತು ಸಾರ್, ಹೋಗಿಬಿಟ್ರಾ?” ಎಂದು ಕೇಳಿದಳು.

ಏನೂ ಆಗಿಲ್ಲ. ಆ ಇಬ್ಬರಲ್ಲಿ ಒಬ್ಬ ಡಾಕ್ಟರಿಗೆ ಮುಂದಿನ ವಾರದ ತನಕ ರಜೆ ಸಿಗುವುದು ಕಷ್ಟವಾಗಿತ್ತು, ಅವರ ಮನೆಯವರಿಗೆ ಹೇಳಬೇಕಿತ್ತು. ಆದರೆ ಫಸ್ಟ್ ಗೇರ್ ಅಷ್ಟರಲ್ಲಿ ತನ್ನ ಕೈಗಡಿಯಾರವನ್ನು ಅಳಿಯನಿಗೆ ಕೊಟ್ಟು, ಮಗಳಿಗೆ ಧೈರ್ಯ ಹೇಳಿ ಆಗಿತ್ತು. ಈಗ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾನೆ. ಗಡಿಯಾರ ವಾಪಸ್ ಕೇಳಲು ನಾಚಿಕೆಯಂತೆ. ಅವನ ಒಪ್ಪಿಗೆ ಪಡೆದೇ ಇದನ್ನೆಲ್ಲ ಹೇಳಿದೆ. ತರಗತಿಯಲ್ಲಿ ನಗು ನಿಲ್ಲಲಿಲ್ಲ. ನಗು ನಿಂತ ಮೇಲೆ ಆ ಹುಡುಗಿ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಮರುದಿನದಿಂದ ವಾರ್ಡಿನಲ್ಲಿ ಹಾಸಿಗೆಯ ಕಾಲ ಬಳಿ ನಿಂತು ಮಾತಾಡಬಾರದು, ತಲೆಯ ಹತ್ತಿರ ಬಂದು ಮಾತಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಊಟದ ಗಾಡಿಯ ಚಕ್ರಕ್ಕೂ ಎಣ್ಣೆ ಬಿತ್ತು.

ಎಲ್ಲ ಚೆನ್ನಾಗಿತ್ತು ಎಂದುಕೊಂಡು ಹೊರಟೆ. ಡಾಕ್ಟರಮ್ಮ ಬಾಗಿಲ ತನಕ ಬಂದು, “ಒಂದು ಕೇಳ್ಲಾ? ನಿಮ್ಮ ಮಶೀನು ಎಲ್ಲಿ?” ಎಂದರು.

“ಇಲ್ಲೇ, ಬಾಗಿಲ ಹಿಂದೆ.”

“ಅದಲ್ಲ. ಟೇಪಲ್ಲಿ. ಎರಡು ದಿನ ನಿಮ್ಮ ಪಕ್ಕದಲ್ಲೇ ಓಡ್ತಾ ಇತ್ತು. ಟೇಪಲ್ಲಿ ವಾರ್ಡ್ ಪೂರ್ತಿ ಇದೆ, ಹಾಸಿಗೆ ಮೇಲೆ ಮಾತ್ರ ಯಾರೂ ಇಲ್ಲ.”

ನಾನು ಅದನ್ನು ತೆಗೆದುಹಾಕಿದ್ದೆ, ಮರಿ. ಕಂಪ್ಯೂಟರಿನ ಮುಂದೆ ಕೂತು ಮೊದಲು ಮಾಡಿದ ಕೆಲಸವೇ ಅದು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿಯೇ ಮಾಡಿತು. ಅವರ ಮುಂದೆಯೇ ಮಶೀನನ್ನು ಎಳೆದುಕೊಂಡು ಹೊರಟುಬಂದೆ. ಮೂರು ದಿನದಿಂದ ನಿಮ್ಮಮ್ಮನ ಹತ್ತಿರವೂ ಸರಿಯಾಗಿ ಮಾತಾಡಿಲ್ಲ. ಈ ಸಲ ಗಾಳಿ ಸಾಲದೆ ಅಲ್ಲ.

ನಿನ್ನ ಅಪ್ಪ

*

ಮೇ 6

ಅಪ್ಪಾ,

ತೆಗೆದುಹಾಕಿದ್ದನ್ನು ಎಸೆದಿಲ್ಲ ತಾನೇ? ನೀನು ಏನನ್ನೂ ಎಸೆಯುವವನಲ್ಲ. ಮಶೀನಿನ ಸದ್ದಷ್ಟನ್ನೇ ನನಗೆ ಕಳಿಸು.

ನಿನ್ನ ಮರಿ

*

ಮೇ 13

ಮರಿ,

ಕಳಿಸಿದ್ದೇನೆ. ಎರಡು ಷರತ್ತು. ಅದನ್ನು ನಾಟಕದಲ್ಲಿ ಹಾಕಬಾರದು. ನನ್ನ ಕಾಯಿಲೆಯನ್ನು ಊರವರ ಮುಂದೆ ಪ್ರದರ್ಶನಕ್ಕಿಡಬಾರದು. ಪಾಪ ಎಂದು ಯಾರೂ ತಿರುಗಿ ನೋಡುವುದು ನನಗೆ ಬೇಡ.

ಅಪ್ಪ

*

ಮೇ 24

ಅಪ್ಪಾ,

ಆ ರೆಕಾರ್ಡಿಂಗನ್ನು ನಾಟಕದಲ್ಲಿ ಹಾಕುವುದಿಲ್ಲ. ನಿನ್ನ ಕಾಯಿಲೆಯ ವಿಷಯ ಇಲ್ಲಿ ಯಾರಿಗೂ ಹೇಳುವುದಿಲ್ಲ. ಎರಡಕ್ಕೂ ಮಾತು ಕೊಟ್ಟಿದ್ದೇನೆ.

ಅದನ್ನು ಕೇಳಿದೆ. ಒಂದು ಸಲವಲ್ಲ, ಮೂರು ಸಂಜೆ. ಮೊದಲ ಸಂಜೆ ಅತ್ತುಬಿಟ್ಟೆ, ಅದನ್ನು ಬರೆಯಬಾರದು ಎಂದುಕೊಂಡಿದ್ದೆ. ಎರಡನೇ ಸಂಜೆ ಪಿಟೀಲು ತೆಗೆದುಕೊಂಡು ಅದರ ಜೊತೆ ಶ್ರುತಿ ಮಾಡಿದೆ. ನಿನ್ನ ಮಶೀನು ಒಂದೇ ಸ್ವರ ಹಿಡಿದು ಗುಂಯ್ ಎನ್ನುತ್ತದೆ, ಅದರ ಮೇಲೆ ಟಕ್ ಫುಸ್ ಬೀಳುವುದು ಮಾತ್ರ ನಿನ್ನ ಇಷ್ಟದಂತೆ. ನೀನು ನಿಧಾನಿಸಿದರೆ ಅದೂ ನಿಧಾನ. ಒಂದು ಕಡೆ ನೀನು ನಗುವುದು ಗೊತ್ತಾಗುತ್ತದೆ, ಟಕ್‌ಟಕ್‌ಟಕ್ ಎಂದು ಮೂರು ಒಟ್ಟಿಗೆ. ಪಕ್ಕದಲ್ಲಿ ಫಸ್ಟ್ ಗೇರ್ ಇದ್ದನಾ?

ಟಿಕೆಟ್ ಎರಡು ಇಟ್ಟಿದ್ದೇನೆ, ನಿನಗೂ ಅಮ್ಮನಿಗೂ. ಮೊದಲ ಸಾಲಿನ ಎಡತುದಿ, ನನ್ನ ಹತ್ತಿರ. ನಾಟಕದುದ್ದಕ್ಕೂ ಹಾಡು, ಜಗಳ, ಗಲಾಟೆ ಇದ್ದೇ ಇದೆ, ನಿನ್ನ ಮಶೀನು ಯಾರಿಗೂ ಕೇಳುವುದಿಲ್ಲ. ಮೂರನೇ ದೃಶ್ಯದಲ್ಲಿ ಮಾತ್ರ ಪಿಟೀಲು ನಿಲ್ಲುತ್ತದೆ, ಒಂದಷ್ಟು ಹೊತ್ತು ನಾನೇನೂ ನುಡಿಸುವುದಿಲ್ಲ. ಇಡೀ ಸಂಗೀತದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅದು. ಬಾ ಅಪ್ಪಾ.

ನಿನ್ನ ಮರಿ

*

ಜೂನ್ 4

ಮರಿ,

ಇದು ಅಮ್ಮ ಬರೆಯುತ್ತಿರುವುದು. ಇವರು ಬರಲು ಒಪ್ಪಿದ್ದಾರೆ. ಮರುಮಾತಿಲ್ಲದೆ ಒಪ್ಪಿದರು, ಅದಕ್ಕೇ ನನಗೆ ಅನುಮಾನ. ಮೂವತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಇವರು ಒಂದು ಸೀರೆಯ ಬಣ್ಣಕ್ಕೂ ಇಷ್ಟು ಬೇಗ ಒಪ್ಪಿದವರಲ್ಲ.

ಏನೋ ಕಿತಾಪತಿ ನಡೆಸಿದ್ದಾರೆ. ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿಕೊಂಡು, ಮಶೀನು ಆರಿಸಿ ಕುರ್ಚಿಯಲ್ಲಿ ಅಲ್ಲಾಡದೆ ಕೂರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕುತ್ತಾರೆ. “ಏನ್ರೀ ಇದು?” ಎಂದರೆ, “ಡಾಕ್ಟರಮ್ಮನ್ನ ಕೇಳಿದೀನಿ. ಕೂತಲ್ಲೇ ಕೂತು ಒಂದು ನಿಮಿಷ ಆರಿಸಿದ್ರೆ ತೊಂದರೆಯಿಲ್ಲ ಅಂದ್ರು” ಎನ್ನುತ್ತಾರೆ. ಯಾಕೆ ಆರಿಸಬೇಕು ಎಂದು ಆ ಡಾಕ್ಟರಮ್ಮನೂ ಕೇಳಿದರಂತೆ, ಅವರಿಗೂ ಹೇಳಲಿಲ್ಲವಂತೆ. ನಿನಗೇನಾದರೂ ಗೊತ್ತಾ?

ಅಮ್ಮ

*

ಜೂನ್ 15

ಅಪ್ಪಾ,

ಬ್ಯಾಟರಿ ಮುಗಿಯುತ್ತದೆ ಎಂದು ನೀವಿಬ್ಬರೂ ಪರದೆ ಬಿದ್ದ ಕೂಡಲೇ ಓಡಿದಿರಿ. ಜನರ ಮಧ್ಯೆ ಕೈಬೀಸಿದ್ದಷ್ಟೇ ಆಯಿತು. ಅಮ್ಮನ ಪತ್ರ ನನ್ನ ಕೈಗೆ ಸಿಕ್ಕಿದ್ದು ನಾಟಕದ ಮರುದಿನ. ಒಂದು ದಿನ ಮೊದಲು ಬಂದಿದ್ದರೆ ನನ್ನ ಎದೆ ಹಾಗೆ ಒಡೆಯುತ್ತಿರಲಿಲ್ಲ.

ಮೂರನೇ ದೃಶ್ಯ. ನನ್ನ ಕಡೆಯಿಂದ ಹೇಳುತ್ತೇನೆ, ಕೇಳು. ಪಿಟೀಲು ನಿಲ್ಲಿಸಿದೆ. ನಮ್ಮ ನಟಿ ಕಟ್ಟೆಯ ತುದಿಗೆ ಬಂದು ಮಂಜಿನೊಳಗೆ ಕಣ್ಣು ಕಿರಿದು ಮಾಡಿ ನಿಂತಳು. ಈಗ ದೋಣಿಯ ಸದ್ದು ಕೇಳಬೇಕು. ಆ ಸದ್ದು ನೀನು. ನಿನ್ನ ಸೀಟಿನ ಕೆಳಗೆ ಒಂದು ಸಣ್ಣ ಮೈಕು ಇಟ್ಟಿದ್ದೆವು. ಆ ದೃಶ್ಯಕ್ಕೆ ಮಾತ್ರ ಅದನ್ನು ತೆರೆದು, ಸಭಾಂಗಣದ ಹಿಂದಿನ ಸ್ಪೀಕರಿಗೆ ಮೆಲ್ಲಗೆ ಬಿಡುವುದು ನನ್ನ ಕೆಲಸ. ತೆರೆದೆ. ಒಂದು ಕ್ಷಣ ಬಂತು, ಗುಂಯ್, ಟಕ್, ಫುಸ್, ಎಲ್ಲೋ ನೀರಿನ ಮೇಲೆ ದೂರದಲ್ಲಿ. ನಟಿ ಮುಖ ಎತ್ತಿದಳು. ಆಮೇಲೆ ಪಟ್ಟನೆ ನಿಂತುಹೋಯಿತು.

ದೋಣಿ ಮುಳುಗಿತು ಎಂದುಕೊಂಡೆ. ಆಮೇಲೆ ನಿನಗೇ ಏನೋ ಆಯಿತು ಎಂದುಕೊಂಡೆ. ಬಗ್ಗಿ ನೋಡಿದರೆ ನೀನು ನೆಟ್ಟಗೆ ಕೂತಿದ್ದೀಯ, ಕೈ ಮಶೀನಿನ ಗುಂಡಿಯ ಮೇಲಿದೆ, ಮುಖದಲ್ಲಿ ದೊಡ್ಡ ಉಪಕಾರ ಮಾಡಿದವನ ಕಳೆ. ಆಗ ಅರ್ಥವಾಯಿತು. ನನ್ನ ಕಾಲ ಕೆಳಗೆ ಹೊಲಿಗೆ ಮಶೀನಿನ ಪೆಡಲ್ ಇತ್ತು, ಏನಾದರೂ ಎಡವಟ್ಟಾದರೆ ಇರಲಿ ಎಂದು. ಒತ್ತಿದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಪಿಟೀಲಿನ ಕಮಾನನ್ನು ಗಾಳಿಯಲ್ಲೇ ಹಿಡಿದು ನಿನ್ನನ್ನೇ ನೋಡುತ್ತಾ ಕೂತೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೇಳಿದ್ದರೆ ಬರುತ್ತಿದ್ದೆಯಾ? ರೆಕಾರ್ಡಿಂಗ್ ಹಾಕಿದ್ದರೆ ಇದಾವುದೂ ಬೇಕಿರಲಿಲ್ಲ, ನಿಜ. ಆದರೆ ಅದು ಸಾಕಾಗಿದ್ದರೆ ನೀನು ಮನೆಯಲ್ಲೇ ಕೂತಿರಬಹುದಿತ್ತು. ನನಗೆ ಬೇಕಾಗಿದ್ದು ಅದಲ್ಲ. ಬೈಯುವುದಿದ್ದರೆ ಬೈ.

ಶನಿವಾರ ಎರಡನೇ ಪ್ರದರ್ಶನ. ನೀನು ಬರದಿದ್ದರೆ ಪೆಡಲ್ ಒತ್ತುತ್ತೇನೆ, ಸೊಳ್ಳೆ ಬರುತ್ತದೆ.

ನಿನ್ನ ಮರಿ

*

ಜೂನ್ 18

ಮರಿ,

ಬೈಯುವುದಿದೆ. ಸೀಟಿನ ಕೆಳಗಿನ ವೈರನ್ನು ನಾನು ಒಳಗೆ ಬಂದ ಕೂಡಲೇ ನೋಡಿದ್ದೆ. ಅದಕ್ಕೆ ಟೇಪು ಅಂಟಿಸಿದವರು ಯಾರು? ಎರಡು ಕಡೆ ಎದ್ದಿತ್ತು, ನಿಮ್ಮಮ್ಮನ ಚಪ್ಪಲಿ ಸಿಕ್ಕಿಕೊಂಡಿತು. ಜನರ ಚಪ್ಪಾಳೆ ಹಿಡಿಯಲು ಇಟ್ಟಿದ್ದಾರೆ ಎಂದುಕೊಂಡು ಸುಮ್ಮನಿದ್ದೆ.

ಈಗ ನನ್ನ ಕಡೆಯ ವರದಿ. ಪಿಟೀಲು ನಿಂತಿತು, ನಿನ್ನ ಇಷ್ಟದ ಜಾಗ ಬಂತು ಎಂದು ಗುಂಡಿ ಒತ್ತಿದೆ. ಎರಡು ವಾರ ಅಭ್ಯಾಸ ಮಾಡಿದ್ದು ಅದಕ್ಕಾಗಿಯೇ. ಸಭಾಂಗಣ ನಿಶ್ಶಬ್ದವಾಯಿತು. ಅಂಥ ನಿಶ್ಶಬ್ದವನ್ನು ನಾನು ರೇಡಿಯೋದ ಸ್ಟುಡಿಯೋದಲ್ಲೂ ಕೇಳಿಲ್ಲ. ಒಬ್ಬರೂ ಕೆಮ್ಮಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದರಲ್ಲಿದ್ದೆ.

ಅಷ್ಟರಲ್ಲಿ ಆ ನಟಿಯ ಮುಖ ನೋಡಿದೆ. ಅವಳು ಏನನ್ನೋ ಕಳೆದುಕೊಂಡವಳ ಹಾಗೆ ನೀರಿನ ಕಡೆ ನೋಡುತ್ತಿದ್ದಳು. ಆಮೇಲೆ ನಿನ್ನನ್ನು ನೋಡಿದೆ. ನೀನು ಕಮಾನು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದೆ. ಚಿಕ್ಕವಳಿದ್ದಾಗ ಶಾಲೆಯ ಗೇಟಿನಲ್ಲಿ ನಿಂತು ನೋಡುತ್ತಿದ್ದ ಹಾಗೆ, ಅಪ್ಪ ಇನ್ನೂ ಬರಲಿಲ್ಲ ಎಂದು. ನಾನು ಆರಿಸುವ ಮುಂಚಿನ ಆ ಒಂದು ಕ್ಷಣ ಹಿಂದಿನಿಂದ ಬಂದ ಸದ್ದು ಆಗ ನೆನಪಾಯಿತು. ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತ್ತು. ಕೇಳದೆ ಏನು, ನಾಲ್ಕು ತಿಂಗಳಿಂದ ಅದರ ಮೇಲೆ ದಿಂಬು ಒತ್ತಿದ್ದೇನೆ.

ನಿಮ್ಮಮ್ಮ ಮೊಣಕೈಯಲ್ಲಿ ತಿವಿದಳು. “ಹಾಕ್ರೀ, ಎಲ್ಲರೂ ಕಾಯ್ತಾ ಇದಾರೆ!”

ಗುಂಡಿ ಒತ್ತಿದೆ. ಚಾಲೂ ಆಗುವಾಗ ಅದು ಮೂರು ಸಲ ಬೀಪ್ ಎನ್ನುತ್ತದೆ ಎಂಬುದನ್ನು ಮರೆತೇಬಿಟ್ಟಿದ್ದೆ. ನೀನು ಇಟ್ಟ ಮೈಕಿನ ದಯದಿಂದ ಆ ಬೀಪು ಇಡೀ ಸಭಾಂಗಣಕ್ಕೆ ಕೇಳಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ನಿನ್ನ ಪಿಟೀಲು ಅದೇ ಸ್ವರದಲ್ಲಿ ಮೂರು ಸಲ ಉತ್ತರ ಕೊಟ್ಟಿತು. ಆ ನಟಿ ಎರಡೂ ಕೈ ಎತ್ತಿ, “ಹಾರ್ನ್ ಹೊಡೆದ! ಬಂದ!” ಎಂದು ಕೂಗಿದಳು. ಜನ ಚಪ್ಪಾಳೆ ತಟ್ಟಿದರು. ಯಾರೂ ನನ್ನ ಕಡೆ ತಿರುಗಲಿಲ್ಲ. ನನ್ನ ಹಿಂದೆ ಕೂತಿದ್ದವರೊಬ್ಬರು ಹೆಂಡತಿಗೆ ಮೆಲ್ಲಗೆ, “ಬದುಕಿದಾನೆ ಕಣೇ” ಎಂದರು. ದೋಣಿಯವನ ವಿಷಯಕ್ಕೆ.

ನಿನ್ನೆ ಡಾಕ್ಟರಮ್ಮನಿಗೆ ಟೇಪನ್ನು ಎರಡನೇ ಸಲ ಮಾಡಿಕೊಟ್ಟೆ, ಏನನ್ನೂ ತೆಗೆಯದೆ. ಕೇಳಿ, “ಈಗ ಹಾಸಿಗೆ ಮೇಲೆ ಜನ ಇದಾರೆ” ಎಂದರು. ಫಸ್ಟ್ ಗೇರ್‌ಗೂ ಕೇಳಿಸಿದೆ. ಅವನ ಪ್ರಕಾರ ಮೋಟಾರಿಗೆ ಸರ್ವಿಸ್ ಆಗಬೇಕು.

ಶನಿವಾರ ಬರುತ್ತೇವೆ. ಎರಡನೇ ಬ್ಯಾಟರಿಯನ್ನೂ ತರುತ್ತೇನೆ, ಈ ಸಲ ಓಡುವುದಿಲ್ಲ. ಆ ವೈರನ್ನು ಯಾರೂ ಮುಟ್ಟಬಾರದು, ಟೇಪು ನಾನೇ ಬಂದು ಅಂಟಿಸುತ್ತೇನೆ. ಮೈಕನ್ನು ಒಂದು ಅಂಗೈ ಅಗಲ ಮುಂದೆ ಸರಿಸಬೇಕು, ಫುಸ್ ಸ್ವಲ್ಪ ಕಡಿಮೆ ಕೇಳುತ್ತಿತ್ತು.

ನಿನ್ನ ಅಪ್ಪ

ಇದು ಅಮ್ಮ: ಇವತ್ತು ಬೆಲ್ ಆಯಿತು, ಪೋಸ್ಟ್‌ಮ್ಯಾನ್ ಬಂದಿದ್ದ. ಇವರೇ ಮಶೀನು ಎಳೆದುಕೊಂಡು ಹೋಗಿ ಬಾಗಿಲು ತೆಗೆದರು. ದಿಂಬು ಹಾಸಿಗೆಯ ಮೇಲೇ ಇತ್ತು.